ದೊಡ್ಡಮ್ಮನ ಗ್ರೂಪಿಗೆ ಸೇರಿ ಕೆಟ್ಟೆ

ನಮ್ಮ ದೊಡ್ಡಮ್ಮ ಸ್ಮಶಾನದ ಕಡೆ ಹೋಗದಿರುವುದೇ ಒಳ್ಳೆಯದು. ಹೋದರೆ ಮಲಗಿದವರೆಲ್ಲ ಎದ್ದು ಕೂತು, “ತಾಯೀ, ನಮ್ಮ ವಂಶದ ಕಥೆಯೆಲ್ಲ ಹೇಳಿಬಿಡ್ತೀವಿ, ಆಮೇಲಾದ್ರೂ ನೆಮ್ಮದಿಯಾಗಿ ಮಲಗೋಕೆ ಬಿಡ್ತೀಯಾ?” ಎಂದು ಕೈ ಮುಗಿದಾರು! ಬದುಕಿರುವ ನಮ್ಮ ಗತಿಯೇ ಹೀಗಿರುವಾಗ ಅವರ ಪಾಡೇನು ಹೇಳಿ.

ಇದಕ್ಕೆಲ್ಲ ಕಾರಣ ಅವರವ್ವ. ದೊಡ್ಡಮ್ಮನಿಗೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡವರು. ರಾಮನಗರದ ಯಾವುದೋ ಶೆಡ್ಡಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕಿದ್ದರು ಎನ್ನುವುದು ಬಿಟ್ಟರೆ ಮತ್ತೇನೂ ಗೊತ್ತಿಲ್ಲ. ಒಂದು ಫೋಟೋ ಕೂಡ ಇಲ್ಲ. ಸಾಕಿದ ಅಜ್ಜಿಯೂ ಹೋಗಿ ಎಷ್ಟೋ ಕಾಲವಾಯಿತು. ಅವ್ವನನ್ನು ಕಣ್ಣಾರೆ ಕಂಡವರ ಬಾಯಿಂದ ಒಂದು ಮಾತು ಕೇಳಬೇಕು, ದೊಡ್ಡಮ್ಮನಿಗೆ ಬೇಕಾದದ್ದು ಅಷ್ಟೇ.

ಸುಮ್ಮನೆ ನಾಲ್ಕು ಜನರನ್ನು ವಿಚಾರಿಸಿದ್ದರೆ ಆಗುತ್ತಿರಲಿಲ್ಲವೆ? ಊಹೂಂ! “ನನ್ ಕಥೆ ಒಂದ್ನೇ ಕೇಳುದ್ರೆ ಯಾರ್ಲಾ ಯೋಳ್ತಾರೆ? ಎಲ್ರೂ ಅವರವರ ಮನೆ ಕಥೆ ಯೋಳ್ಕಂಡ್ರೆ ಅದ್ರೊಳ್ಗೆ ನಮ್ಮವ್ವನ್ದೂ ಒಂದು ಬತ್ತದೆ” ಎಂದವರೇ, ಮನೆತನದ ಕಥೆ ಹೇಳುವವರಿಗೆಂದು ವಾಟ್ಸ್ಯಾಪ್ ಗ್ರೂಪು ತೆರೆದೇಬಿಟ್ಟರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ತಾಲ್ಲೂಕಿಗೊಬ್ಬ ಸ್ವಯಂಸೇವಕ!

ಚನ್ನಪಟ್ಟಣದ ಬಲಿಪಶು ನಾನು. ಜೆರಾಕ್ಸ್ ಅಂಗಡಿ ಇಟ್ಟವನಿಗೆ ಕಂಪ್ಯೂಟರ್ ವಿದ್ಯೆಯೆಲ್ಲ ಬರುತ್ತದೆಂಬುದು ಅವರ ನಂಬಿಕೆ.

“ನಂಗೆ ಪುರುಸೊತ್ತಿಲ್ಲ ದೊಡ್ಡಮ್ಮ.”

“ಅಂಗಡೀಲಿ ನೊಣ ಹೊಡೀತಾ ಕುಂತಿರ್ತೀಯ, ನಾನೇನ್ ನೋಡಿಲ್ವಾ? ಬುಡು ಬುಡು.”

ಜನವೇನೋ ಸೇರಿದರು. ಕಥೆ ಬಂತೆ? ಬೆಳಗೆದ್ದರೆ ಗುಲಾಬಿ ಹೂವಿನ ಜೊತೆ ಶುಭೋದಯ ಬಂತು! ಬೈರಮಂಗಲದವರೊಬ್ಬರು ಮಾತ್ರ ತಮ್ಮ ತಾತನ ಕಥೆಯನ್ನು ಒಂಬತ್ತು ಕಂತಿನಲ್ಲಿ ಹೇಳಿದರು. ಎಂಟು ಕಂತು ಬರೀ ಎಮ್ಮೆಯದು. ತಾತ ಬಂದದ್ದು ಕೊನೆಯ ಕಂತಿಗೆ, ಅದೂ ಹಾಲು ಕರೆಯಲು.

ಆ ವರ್ಷ ಗೂಡಿನ ರೇಟು ಏರಿ ಕೂತಿತ್ತು. ಎಲ್ಲರ ಮನೆಯಲ್ಲೂ ದೇವರ ಕೋಣೆ ಬಿಟ್ಟು ಮಿಕ್ಕ ಕಡೆಯೆಲ್ಲ ರೇಷ್ಮೆ ಹುಳ. ಅಂಥ ಹೊತ್ತಿನಲ್ಲಿ ದೊಡ್ಡಮ್ಮ ವಿಡಿಯೋ ಸಭೆ ಕರೆದರು. ಬಂದವನು ಕನಕಪುರದ ಕಡೆಯ ಸ್ವಯಂಸೇವಕ, ಕೋಡಿಹಳ್ಳಿಯವನೊಬ್ಬನೇ, ಗೂಡು ಕಟ್ಟುವಷ್ಟು ಹಣ್ಣಾದ ಹುಳ ಕೈತುಂಬ ಹಿಡಿದುಕೊಂಡು.

“ಒಸಿ ನಿಮ್ ಮುತ್ತಾತನ ಇಚಾರ ಯೋಳಪ್ಪ.”

“ಮುತ್ತಾತ ಎಲ್ಗೂ ಓಗಕಿಲ್ಲ ಕಣವ್ವ. ಹುಳ ನಿಲ್ಲಕಿಲ್ಲ, ಗೂಡು ಕಟ್ಬುಡ್ತವೆ!”

ಹೀಗೆಂದವನು ಗೂಡು ಕಟ್ಟಿಸುವ ಚಂದ್ರಿಕೆಗೆ ಫೋನು ಒರಗಿಸಿ ಎದ್ದು ಹೋದ. ನಾನೂ ದೊಡ್ಡಮ್ಮನೂ ಮುಕ್ಕಾಲು ಗಂಟೆ ಹುಳಗಳ ಮುಖ ನೋಡಿದೆವು.

ಅಷ್ಟಕ್ಕೆ ಸುಮ್ಮನಾಗುವವರೆ ಅವರು? ಪೊರೆ ಬಿಡುವ ಮುನ್ನ ಹುಳ ಸೊಪ್ಪು ಮುಟ್ಟದೆ ಒಂದು ದಿನ ಜ್ವರಕ್ಕೆ ಕೂರುತ್ತದಲ್ಲ, ಆವತ್ತು ಮನೆಯವರಿಗೂ ಬಿಡುವು. ಯಾರ ಮನೆಯ ಹುಳಕ್ಕೆ ಯಾವತ್ತು ಜ್ವರ ಎಂದು ಪಟ್ಟಿ ಮಾಡಿ, ಸರಿಯಾಗಿ ಆ ದಿನ ಫೋನು ಹಚ್ಚಿ ಕಥೆ ಕೇಳುವ ಕೆಲಸ ನನ್ನ ತಲೆಗೆ ಬಿತ್ತು. ಮೂರು ದಿನದಿಂದ ಹಾಸಿಗೆ ಹಿಡಿದಿದ್ದ ನನ್ನ ಹೆಂಡತಿ, “ನನ್ ಜ್ವರ ನಿಮ್ ಪಟ್ಟೀಲಿ ಐತಾ?” ಎಂದಳು. ಗಂಜಿ ಮಾಡಲು ಹೋದೆ.

ಕಥೆಗಳು ಬರತೊಡಗಿದವು, ಬೆನ್ನಿಗೇ ಜಗಳವೂ ಬಂತು. ಕುದೂರಿನವರೊಬ್ಬರು ತಮ್ಮ ತಾತ ಊರು ಕಟ್ಟಲೆಂದೇ ಬಂದವರು ಎಂದರೆ, ಅವರ ಚಿಕ್ಕಪ್ಪನ ಮಗ, “ಕುರಿ ಕದ್ದು ಓಡ್ಬಂದೋನು ಊರು ಬೇರೆ ಕಟ್ಬುಟ್ನಾ!” ಎಂದ. ಇಬ್ಬರೂ ಗ್ರೂಪು ಬಿಟ್ಟರು. “ಓಗಿ ಕರ್ಕಂಡ್ ಬಾ” ಎಂದು ದೊಡ್ಡಮ್ಮ ನನ್ನನ್ನು ಬಸ್ಸು ಹತ್ತಿಸಿದರು. ಹೋದೆ. ನನ್ನನ್ನು ಕಂಡದ್ದೇ ಅಣ್ಣತಮ್ಮಂದಿರು ಒಂದಾದರು, ನನಗೆ ಬೈಯಲು!

ಸಾಕಪ್ಪಾ ಸಾಕು ಎನಿಸಿತು. ವರ್ಷ ಕಳೆದರೂ ಅವ್ವನ ಸುದ್ದಿಯಂತೂ ಇಲ್ಲ. ಇನ್ನು ನನ್ನ ಕೈಲಾಗದು ಎಂದು ಹೇಳಿಯೇಬಿಡೋಣವೆಂದು ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ತಮ್ಮ ಫೋನನ್ನು ನನ್ನ ಕೈಗಿಟ್ಟರು. ರಾಮನಗರದಿಂದ ಯಾರೋ ದನಿ ರೆಕಾರ್ಡು ಮಾಡಿ ಕಳಿಸಿದ್ದರು. ಕೆಳಗೊಂದು ಸಾಲು: ‘ನಮ್ಮಮ್ಮ ನಿಮ್ಮ ತಾಯಿ ಜೊತೆ ಕೆಲಸ ಮಾಡಿದ್ದರಂತೆ.’

“ನಂಗೆ ಹಾಕಕ್ಕೆ ಧೈರ್ಯ ಬತ್ತಿಲ್ಲ. ನೀನೇ ಹಾಕ್ಲಾ.”

ಹಾಕಿದೆ. ಹಣ್ಣು ಮುದುಕಿಯ ದನಿ.

“ನಿಮ್ಮವ್ವ ನನ್ ಪಕ್ಕದಲ್ಲೇ ಕೂತು ನೂಲು ತೆಗೆಯೋಳು ಕಣಮ್ಮ. ನಾನಿನ್ನೂ ಸಣ್ ಹುಡುಗಿ. ಯಾ ಅಲ್ಲಾ, ಏನ್ ಮಾತು ಅವಳ್ದು! ನಿಮ್ದು ಯಾವೂರು, ನಿಮ್ ನಾನಿ ಎಲ್ಲಿಂದ ಬಂದ್ರು ಅಂತ ದಿನಾ ಕೇಳಿ ಕೇಳಿ ಪ್ರಾಣ ತಿನ್ನೋಳು. ನಿನ್ನನ್ನ ತನ್ ಪಕ್ಕದಲ್ಲೇ ಬುಟ್ಟೀಲಿ ಮಲಗ್ಸಿರೋಳು. ಬಿಸಿನೀರಲ್ಲಿ ಗೂಡು ಆಡ್ಸಿ ಆಡ್ಸಿ ಅವಳ ಬೆರಳೆಲ್ಲ ಸುಲಿದೋಗಿತ್ತು. ಮಗೂಗೆ ಚುಚ್ಚುತ್ತೆ ಅಂತ ಬೆರಳಲ್ಲಿ ಮುಟ್ತಾನೇ ಇರ್ಲಿಲ್ಲ. ಮುಂಗೈ ತಿರುಗ್ಸಿ, ಮೆತ್ತಗಿರೋ ಕಡೆಯಿಂದ ನಿನ್ ಕೆನ್ನೆ ಸವರೋಳು.”

ದನಿ ನಿಂತಿತು.

“ನಮ್ಮವ್ವ ನನ್ನ ಮುಟ್ಟವ್ಳೆ ಕಣ್ಲಾ” ಎಂದರು ದೊಡ್ಡಮ್ಮ. ಅರವತ್ತು ದಾಟಿದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. ನನಗೂ ತಡೆಯಲಾಗಲಿಲ್ಲ.

ಅಂಗಡಿಯ ಮುಂದೆ ಕಾಯುತ್ತಿದ್ದ ಗಿರಾಕಿಯೊಬ್ಬ ನನಗೆ ಫೋನು ಮಾಡುತ್ತಲೇ ಇದ್ದ.

“ಇನ್ನೊಂದ್ಸಲ ಹಾಕು ಮಗ” ಎಂದರು ದೊಡ್ಡಮ್ಮ.

ಹಾಕಿದೆ.