ಗಾಳಿಯನ್ನು ಅನುಮತಿಯಿಲ್ಲದೆ ಒಳಗೆ ಬಿಟ್ಟ ಬಗ್ಗೆ

ಕಟ್ಟಡ ವಿಭಾಗದ ಮುಖ್ಯ ಎಂಜಿನಿಯರ್ ಅವರ ತಣ್ಣನೆಯ ಸನ್ನಿಧಾನಕ್ಕೆ,

ಮಾನ್ಯರೇ,

ಹೆರಿಗೆ ಆಸ್ಪತ್ರೆಯ ಬಾಣಂತಿಯರ ವಾರ್ಡಿನ ಹಿರಿಯ ದಾದಿಯಾದ ನಾನು, ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಮೊದಲ ಬಾರಿಗೆ ತಮ್ಮಿಂದ ನೋಟಿಸು ಪಡೆಯುವ ಭಾಗ್ಯಕ್ಕೆ ಪಾತ್ರಳಾಗಿ, ವಿನಯಪೂರ್ವಕವಾಗಿ ಉತ್ತರಿಸುತ್ತಿದ್ದೇನೆ. ‘ಗೋಡೆ ಒಡೆಸಿ ಹೊರಗಿನ ಗಾಳಿಗೆ ಅನಧಿಕೃತ ಪ್ರವೇಶ ಕೊಟ್ಟದ್ದೇಕೆ?’ ಎಂಬ ತಮ್ಮ ಪ್ರಶ್ನೆಯನ್ನು ಆಸ್ಪತ್ರೆಯ ಬಾಗಿಲಿಗೇ ಅಂಟಿಸಿರುವುದರಿಂದ, ಉತ್ತರವೂ ಅದರ ಪಕ್ಕದಲ್ಲೇ ಇರಲೆಂದು ಬಹಿರಂಗವಾಗಿ ಬರೆದಿದ್ದೇನೆ.

ತಾವು ಬರುವ ಮೊದಲು ನಾವು ತೀರಾ ಹಿಂದುಳಿದಿದ್ದೆವು. ಮೊಳ ದಪ್ಪದ ಗೋಡೆ, ಎತ್ತರದ ಸೂರು, ಸೂರಿನಡಿ ಹನ್ನೊಂದು ಗವಾಕ್ಷಿ. ಬಿಸಿಗಾಳಿ ಯಾರ ಅಪ್ಪಣೆಗೂ ಕಾಯದೆ ಮೇಲೇರಿ ಆಚೆ ಹೋಗುತ್ತಿತ್ತು. ನೆರಳಿನ ಅಂಗಳದ ತಂಪು ಕೆಳಗಿನ ಕಿಟಕಿಯಿಂದ ಒಳಬರುತ್ತಿತ್ತು. ಇದಕ್ಕೆ ಸ್ವಿಚ್ಚಿರಲಿಲ್ಲ, ರಿಪೇರಿಯವನಿರಲಿಲ್ಲ, ಉದ್ಘಾಟನೆಯಂತೂ ಆಗಿರಲೇ ಇಲ್ಲ. ತಾವು ‘ಈಗಿನ ಕಾಲದಲ್ಲಿ ಯಾರ್ರೀ ಗೋಡೆಗೆ ತೂತು ಇಡ್ತಾರೆ?’ ಎಂದು ನಕ್ಕು, ಗವಾಕ್ಷಿಗಳಿಗೆ ಇಟ್ಟಿಗೆ ತುಂಬಿಸಿ, ಅಂಗಳದ ಕಿಟಕಿಗಳಿಗೆ ಸ್ಕ್ರೂ ಬಿಗಿಸಿ, ಪಡುವಣ ಗೋಡೆಯಲ್ಲಿ ತೆರೆಯಲಾಗದ ಗಾಜು ಕೂರಿಸಿ, ಎರಡು ಏಸಿಗಳ ಕೆಳಗೆ ನಿಂತು ರಿಬ್ಬನ್ ಕತ್ತರಿಸಿದಿರಿ. ಫೋಟೋ ಬಹಳ ಚೆನ್ನಾಗಿ ಬಂದಿದೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರು ಆಡಳಿತ ಕಚೇರಿಗೆ ಮಾತ್ರ ಸಾಕಾಗುವುದರಿಂದ, ಒಂದೂವರೆ ಗಂಟೆಯಲ್ಲಿ ನಮ್ಮ ವಾರ್ಡು ಮೂವತ್ತೊಂಬತ್ತು ಡಿಗ್ರಿ ಮುಟ್ಟಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ತಾಯಂದಿರನ್ನು ಎಬ್ಬಿಸುವಂತಿರಲಿಲ್ಲ. ಐದು ಕೂಸುಗಳ ಮೈ ಸುಡುತ್ತಿತ್ತು. ಮೂರು ದಿನದ ಒಂದು ಹೆಣ್ಣುಕೂಸು ಮೊದಲು ಹಾಲು ಬಿಟ್ಟಿತು, ಆಮೇಲೆ ಅಳುವುದನ್ನೂ ಬಿಟ್ಟಿತು. ಅಳದ ಕೂಸಿಗೆ ಹೆದರುವಷ್ಟು ನಾವು ದಾದಿಯರು ಯಾವ ನೋಟಿಸಿಗೂ ಹೆದರುವುದಿಲ್ಲ, ಕ್ಷಮೆಯಿರಲಿ.

ಆ ಕೂಸಿನ ಅಜ್ಜಿ ಗಾರೆ ಕೆಲಸದವಳು. ಕೆಲಸದಿಂದ ನೇರವಾಗಿ ಮಗಳನ್ನು ನೋಡಲು ಬಂದಿದ್ದಳು, ಚೀಲದಲ್ಲಿ ಸುತ್ತಿಗೆ, ಉಳಿಗಳಿದ್ದವು. ಸೂರಿನಡಿಯ ಹೊಸ ಗಾರೆಯ ಗುರುತುಗಳನ್ನು ಒಂದೊಂದಾಗಿ ಎಣಿಸಿ, ‘ಅಲ್ಲ ಸಿಸ್ಟರ್, ಮನೆಗೂ ಮೂಗು ಅಂತ ಇರುತ್ತಲ್ಲ, ಅದನ್ನೇ ಮುಚ್ಚಿಬಿಟ್ಟಿದ್ದಾರೆ! ಏಣಿ ಇದ್ಯಾ?’ ಎಂದಳು.

‘ನನ್ನ ಕೆಲಸ ಹೋಗುತ್ತಮ್ಮ’ ಎಂದೆ.

‘ನನ್ನ ಮೊಮ್ಮಗಳೇ ಹೋಗ್ತಿದ್ದಾಳೆ’ ಎಂದಳು.

ಏಣಿ ತಂದವಳು ನಾನು, ಹಿಡಿದುಕೊಂಡವಳೂ ನಾನೇ. ತಾವು ಬಯಸಿದ ತಪ್ಪೊಪ್ಪಿಗೆ ಇದೇ. ಆಕೆ ನಾಲ್ಕು ಗವಾಕ್ಷಿ ಒಡೆದಳು. ವಾರ್ಡಿನ ಆಯಮ್ಮ ಅಂಗಳದ ಕಿಟಕಿಗಳ ಸ್ಕ್ರೂ ಬಿಚ್ಚಿ, ಹಾಸಿಗೆಯ ಬಟ್ಟೆ ನೆನೆಸಿ ಅಡ್ಡ ಕಟ್ಟಿದಳು. ತೋಟದ ಮಾಲಿ ತಾವು ಕೂರಿಸಿದ ಗಾಜಿಗೆ ಹೊರಗಿನಿಂದ ಸುಣ್ಣ ಬಳಿದ. ಸ್ವಲ್ಪ ಹೊತ್ತಿಗೆಲ್ಲ ಒದ್ದೆ ಬಟ್ಟೆಯ ಅಂಚು ಅಲ್ಲಾಡಿತು. ಇನ್ನೊಂದು ಗಂಟೆಗೆ ವಾರ್ಡು ಮೂವತ್ತೆರಡಕ್ಕಿಳಿಯಿತು. ಸಂಜೆಯ ಹೊತ್ತಿಗೆ ಆ ಕೂಸು ಇಡೀ ವಾರ್ಡು ಬೆಚ್ಚಿಬೀಳುವಂತೆ ಕಿರುಚಿತು. ಗಾರೆಯ ಕೈಯಲ್ಲೇ ಅಜ್ಜಿ ಬಾಯಿ ಮುಚ್ಚಿಕೊಂಡು ಅತ್ತಳು, ನಾನು ಥರ್ಮಾಮೀಟರು ತೊಳೆಯುವ ನೆಪದಲ್ಲಿ ಆಚೆ ಹೋದೆ.

ಇಂಥ ಅವ್ಯವಸ್ಥೆ ಮರುಕಳಿಸದಿರಲು ತಾವು ದಯಮಾಡಿ, ಬಿಸಿಗಾಳಿ ಮೇಲೇರಕೂಡದೆಂದು ಸುತ್ತೋಲೆ ಹೊರಡಿಸಬೇಕು. ಪಡುವಣಕ್ಕೆ ಹೊರಡುವ ಮುನ್ನ ಸೂರ್ಯನು ತಮ್ಮ ಕಚೇರಿಯಲ್ಲಿ ರುಜು ಹಾಕಿ ಹೋಗುವಂತೆ ತಾಕೀತು ಮಾಡಬೇಕು. ಕೂಸುಗಳು ಕರೆಂಟು ಇರುವಾಗಲಷ್ಟೇ ಉಸಿರಾಡುವಂತೆ ತಾಯಂದಿರಿಗೆ ಮುಂಚಿತವಾಗಿಯೇ ತಿಳಿಸಬೇಕು.

ತಾವು ಕಳಿಸಿದ ತನಿಖಾ ಸಮಿತಿಯ ಮೂವರೂ ಸಜ್ಜನರು. ಅವರಿಗೆ ಕೊಟ್ಟಿದ್ದ ಕೋಣೆಯಲ್ಲಿ ಜನರೇಟರೂ ಕೈಕೊಟ್ಟಾಗ, ಕುರ್ಚಿ ಹೊತ್ತುಕೊಂಡು ನಮ್ಮ ವಾರ್ಡಿಗೇ ಬಂದು, ಒಡೆದ ಗವಾಕ್ಷಿಗಳ ಕೆಳಗೆ ಕೂತು, ‘ಅಬ್ಬ, ಇಲ್ಲಿ ಜೀವ ಬಂತು’ ಎನ್ನುತ್ತಾ, ಅವನ್ನು ಹದಿನೈದು ದಿನಗಳೊಳಗೆ ಮುಚ್ಚತಕ್ಕದ್ದೆಂದು ವರದಿ ಬರೆದರು. ಒಬ್ಬರು ನಡುವೆ ಸಣ್ಣ ನಿದ್ದೆಯನ್ನೂ ತೆಗೆದರು. ನನ್ನನ್ನು ಬೇರೆಡೆಗೆ ವರ್ಗಾಯಿಸಬೇಕೆಂದೂ ಅದರಲ್ಲಿದೆಯಂತೆ. ವರ್ಗಾಯಿಸಿ, ಮಾನ್ಯರೇ, ತಕರಾರಿಲ್ಲ. ಗವಾಕ್ಷಿಗಳನ್ನು ಮಾತ್ರ ಇದ್ದಲ್ಲೇ ಇರಗೊಡಿ.

ವರ್ಗಾವಣೆಯ ಆದೇಶ ಕೈಸೇರುವವರೆಗೂ, ಸೇರಿದ ಮೇಲೂ,
ತಮ್ಮ ವಿಶ್ವಾಸಿ,
ಬಾಣಂತಿಯರ ವಾರ್ಡಿನ ಹಿರಿಯ ದಾದಿ

ತಾ.ಕ.: ಸಮಿತಿಯವರು ಮೇಜಿನ ಮೇಲಿಟ್ಟಿದ್ದ ವರದಿಯಲ್ಲಿ ಸಹಿಗಳಿದ್ದ ಕೊನೆಯ ಹಾಳೆ ಗಾಳಿಗೆ ಹಾರಿಹೋಗಿದೆ. ಇಡೀ ವಾರ್ಡು ಹುಡುಕುತ್ತಿದೆ. ಬಾಣಂತಿಯರಾದ್ದರಿಂದ ಸ್ವಲ್ಪ ನಿಧಾನ.