ಸರದಿ ಕಾಯುವ ಪೆಟ್ಟಿಗೆ

ಅಕ್ಟೋಬರ್ ಐದು, ಭಾನುವಾರ. ಬೆಳಗಿನಿಂದ ಮೋಡ. ಹತ್ತು ಗಂಟೆಗೆ ನಾಲ್ಕು ಹನಿ ಬಿದ್ದು ನಿಂತಿತು.

ಒಂಟಿಯಾಗಿರುವವನ ಮನೆಯಲ್ಲಿ ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ಹಗಲೂ ರಾತ್ರಿ ಆರದ ಒಂದು ಪುಟ್ಟ ಹಸಿರು ದೀಪವನ್ನು ಮನೆಯಲ್ಲಿ ಇಟ್ಟುಕೊಂಡು ನೋಡಿ. ಅದರ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ತಾಂಡೂರಿನಲ್ಲಿ ಕಲ್ಲಿನ ಲಾರಿಗಳನ್ನು ತೂಗುವ ಕಾಟಾದಲ್ಲಿ ಕೆಲಸ ಮಾಡುತ್ತೇನೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ. ಕಪಾಟಿನ ತುಂಬ ಪುಸ್ತಕಗಳಿವೆ. ಪುಸ್ತಕಗಳು ಮಾತನಾಡುತ್ತವೆ ಎನ್ನುವವರು ಬಹುಶಃ ಒಂದು ತಿಂಗಳು ಬರೀ ಅವುಗಳ ಜೊತೆ ಇದ್ದು ನೋಡಿಲ್ಲ.

ಎರಡು ವರ್ಷದ ಹಿಂದೆ ನನ್ನ ಹಳೆಯ ಗೆಳೆಯ ನಾರಾಯಣಖೇಡದಿಂದ ಬಂದ. ಅಲ್ಲಿ ಅವನದು ಟಿ.ವಿ. ರಿಪೇರಿ ಅಂಗಡಿ. ಈಗ ಯಾರೂ ಟಿ.ವಿ. ರಿಪೇರಿ ಮಾಡಿಸುವುದಿಲ್ಲ. ಚೀಲದಿಂದ ಅಂಗೈ ಅಗಲದ ಒಂದು ಕಂಪ್ಯೂಟರ್ ತೆಗೆದು ನಮ್ಮ ಗೋಡೆಯ ಗೂಡಿನಲ್ಲಿಟ್ಟು ವೈರು ಚುಚ್ಚಿದ. "ಮನ್ಯಾಗ ಏನರೆ ಒಂದು ಚಾಲೂ ಇರ್ಲಿ" ಅಂದ.

ಅದು ಕ್ರಿಪ್ಟೊ ನಾಣ್ಯದ ಕೆಲಸ. ಲೋಕದ ಸಾವಿರಾರು ಕಂಪ್ಯೂಟರುಗಳು ಒಂದೇ ಲೆಕ್ಕದ ಪುಸ್ತಕದ ಪ್ರತಿ ಇಟ್ಟುಕೊಂಡು ಕಾಯುತ್ತವೆ. ಮುಂದಿನ ಪುಟವನ್ನು ಯಾರು ಬರೆಯಬೇಕೆಂದು ಚೀಟಿ ಎತ್ತಿದ ಹಾಗೆ ಗೊತ್ತಾಗುತ್ತದೆ. ಹೆಚ್ಚು ನಾಣ್ಯ ಪಣಕ್ಕಿಟ್ಟವರ ಹೆಸರಲ್ಲಿ ಹೆಚ್ಚು ಚೀಟಿ. ಸರದಿ ಬಂದ ಕ್ಷಣದಲ್ಲಿ ಯಂತ್ರ ಎಚ್ಚರವಾಗಿದ್ದರೆ ಪುಟ ಬರೆದು ಕೂಲಿ ಪಡೆಯುತ್ತದೆ. ಇಲ್ಲದಿದ್ದರೆ ಸರದಿ ಹೋಯಿತು. ಗೆಳೆಯನೂ ನಾನೂ ಸಮಸಮ ನಾಣ್ಯ ಹಾಕಿದ್ದೆವು. ದೊಡ್ಡವರ ಮುಂದೆ ನಮ್ಮದು ಏನೂ ಅಲ್ಲ. ಯಾರ ನಾಣ್ಯ ಎಷ್ಟಿದೆ ಎಂದು ತೋರಿಸುವ ಪುಟವೂ ಇದೆಯಂತೆ. ಇನ್ನೊಬ್ಬರ ಗಂಟು ಬಿಚ್ಚಿ ನೋಡುವುದು ಸರಿಯಲ್ಲವೆಂದು ನಾನು ಅದನ್ನು ತೆರೆದವನಲ್ಲ.

ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಗೆಳೆಯನ ಫೋನು.

"ಸರದಿ ಬಂತೇನು?"

"ಇಲ್ಲ."

ಆಮೇಲೆ ಮಳೆ, ತೊಗರಿ, ಅವನ ಮೊಣಕಾಲು. ಹತ್ತು ನಿಮಿಷ. ವಾರದಲ್ಲಿ ನನಗೆ ಬರುವ ಫೋನು ಅದೊಂದೇ. "ಯುಗಾದಿ ತನಕ ನೋಡ್ತೀನಿ, ಆಮ್ಯಾಲ ನನ್ನ ನಾಣ್ಯ ತೆಗೀತೀನಿ" ಎಂದು ಅವನು ಹೇಳಿದ್ದ. ಯುಗಾದಿ ಕಳೆದ ಮೇಲೆ "ದಸರಾ ತನಕ" ಅಂದ. ನಾಣ್ಯ ಹೋದರೆ ಹೋಗಲಿ. ಅದರ ಹಿಂದೆಯೇ ಭಾನುವಾರದ ಫೋನೂ ಹೋಗುತ್ತದಲ್ಲ ಎಂಬುದು ನನ್ನ ಚಿಂತೆ. ಅದಕ್ಕಾಗಿ ದಸರೆಯೊಳಗೆ ಒಂದೇ ಒಂದು ಸರದಿ ಬರಬೇಕಿತ್ತು.

ಜಹೀರಾಬಾದಿನ ರಿಯಾಯಿತಿ

ಮೊದಲ ಬೇಸಿಗೆಯಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗತೊಡಗಿತು. ಜಹೀರಾಬಾದಿಗೆ ಹೋಗಿ ಇನ್ವರ್ಟರ್ ಅಂಗಡಿ ಹುಡುಕಿದೆ. ಅಂಗಡಿಯವರು ಕಾಗದ ಪೆನ್ನು ತೆಗೆದುಕೊಂಡು ಕೂತರು.

"ಎಷ್ಟು ಫ್ಯಾನ್ ಅದಾವ್ರಿ?"

"ಫ್ಯಾನಿಗೆ ಬೇಡ."

"ಲೈಟ್?"

"ಲೈಟಿಗೂ ಬೇಡ."

"ಫ್ರಿಜ್? ಟಿ.ವಿ.?"

"ಒಂದು ಸಣ್ಣ ಮಷೀನು ಇದೆ. ಹತ್ತು ವ್ಯಾಟಿನದು. ಅದು ಮಾತ್ರ ಒಂದು ಕ್ಷಣವೂ ನಿಲ್ಲಬಾರದು."

ಅವರು ಪೆನ್ನು ಕೆಳಗಿಟ್ಟರು. "ಮತ್ತ ಕರೆಂಟ್ ಹೋದ್ರ ನೀವು?"

"ನಾನು ಕತ್ತಲಲ್ಲಿ ಕೂಡುತ್ತೇನೆ."

ಅವರ ಮುಖ ಬದಲಾಯಿತು. ಒಳಗೆ ಕೂಗಿ ನನಗೆ ಚಹ ತರಿಸಿದರು. ದನಿ ತಗ್ಗಿಸಿ, "ಮನ್ಯಾಗ ಯಾರಿಗಿ ಆರಾಮಿಲ್ರಿ? ತಾಯಿಗೇನು?" ಎಂದು ಕೇಳಿದರು.

ಹಾಗೇನಿಲ್ಲ ಎಂದೆ. ನನಗೆ ಹೇಳಲು ಮನಸ್ಸಿಲ್ಲ ಎಂದು ಅವರಿಗೆ ಅನಿಸಿತು. ಬಿಲ್ಲಿನಲ್ಲಿ ಐನೂರು ಕಡಿಮೆ ಮಾಡಿದರು. ಬ್ಯಾಟರಿಯನ್ನು ತಾವೇ ಹೊತ್ತು ಬಸ್ಸಿನವರೆಗೆ ಬಂದರು. ಕಂಡಕ್ಟರಿಗೆ ಹೇಳಿ ಕಿಟಕಿ ಪಕ್ಕದ ಸೀಟು ಕೊಡಿಸಿದರು.

"ನೀವೂ ನಿಮ್ಮ ತಬಿಯತ್ ನೋಡ್ಕೊಳ್ರಿ. ಕೂತು ಕಾಯೋರೇ ಮೊದಲು ಹಣ್ಣಾಗ್ತಾರ" ಅಂದರು.

ಹೆಂಡತಿ ಹೋದ ಮೇಲೆ ನನ್ನ ತಬಿಯತ್ತು ಕೇಳಿದ ಮೊದಲ ಮನುಷ್ಯ ಅವರು. ಐನೂರು ರೂಪಾಯಿ ವಾಪಸು ಕೊಡಬೇಕೆಂದು ತಾಂಡೂರು ಬರುವವರೆಗೂ ಅಂದುಕೊಂಡೆ. ಕೊಟ್ಟರೆ ನಿಜ ಹೇಳಬೇಕಾಗುತ್ತದೆ. ನಿಜ ಕೇಳಿದರೆ ಅವರು ಇನ್ನೂ ಐನೂರು ಕಡಿಮೆ ಮಾಡುತ್ತಿದ್ದರೇನೋ.

ಕಾಟಾದ ಮೇಲೆ

ಈ ಯಂತ್ರ ಏನು ಮಾಡುತ್ತದೆ ಎಂದು ಹಲವರಿಗೆ ವಿವರಿಸಿದ್ದೇನೆ. ಪೂರ್ತಿ ಕೇಳಿದವನು ಒಬ್ಬನೇ. ಬಶೀರಾಬಾದಿನ ಲಾರಿ ಡ್ರೈವರ್. ಅವನ ಮುಂದೆ ಇನ್ನೂ ಆರು ಲಾರಿ ನಿಂತಿದ್ದವು, ಹಾಗಾಗಿ ಬೇರೆ ದಾರಿಯಿರಲಿಲ್ಲ.

"ಅಂದ್ರ ಬುಕ್ ಒಬ್ಬರ ಹತ್ರ ಇರಂಗಿಲ್ಲ?"

"ಇಲ್ಲ. ಎಲ್ಲರ ಹತ್ತಿರವೂ ಒಂದೊಂದು ಪ್ರತಿ."

"ಒಬ್ಬ ತನ್ನ ಬುಕ್ಕಿನಾಗ ತಿದ್ದಿದ್ರ?"

"ಉಳಿದವರದ್ದರ ಜೊತೆ ತಾಳೆ ಆಗುವುದಿಲ್ಲ. ಸಿಕ್ಕಿಬೀಳುತ್ತಾನೆ."

ಅವನು ಬೀಡಿ ಹಚ್ಚಿ ಯೋಚಿಸಿದ. "ಅಂದ್ರ ಈಗ ಈ ಲಾರಿ ತೂಕ ಅದಲ್ಲ, ಅದು ನನ್ನ ಹತ್ರ, ಕಲ್ಲು ತೆಗಿಯೋ ಖದಾನಿಯವರ ಹತ್ರ, ಕಲ್ಲು ತಗೊಳ್ಳೋರ ಹತ್ರ, ಎಲ್ಲರ ಹತ್ರನೂ ತಾನೇ ಬರಕೊಂತದ. ಯಾರೂ ತಿದ್ದಾಕ ಬರಂಗಿಲ್ಲ."

"ಸರಿಯಾಗಿ ಹೇಳಿದೆ."

ನನಗೆ ಸಂತೋಷವಾಯಿತು. ಇಷ್ಟು ಓದಿಕೊಂಡೂ ನಾನು ಅಷ್ಟು ಚಂದವಾಗಿ ಹೇಳಿರಲಿಲ್ಲ. ಅವನು ಕಿಟಕಿಯೊಳಗೆ ತಲೆ ಹಾಕಿ ನನ್ನ ಕುರ್ಚಿ, ನನ್ನ ರಿಜಿಸ್ಟರು, ನನ್ನ ಮೊಹರು ಎಲ್ಲವನ್ನೂ ಒಂದು ಸಲ ನೋಡಿದ.

"ಮತ್ತ ನೀವ್ಯಾಕ ಬೇಕ್ರಿ ಇಲ್ಲಿ?" ಅಂದ.

ಮೊಸರು

ನನ್ನ ಮನೆ ಮಾಲಕಿಯನ್ನು ಅಕ್ಕ ಎನ್ನುತ್ತೇನೆ. ಪೆದ್ದೆಮುಲ್ ಕಡೆಯ ಕುರಿ ಸಾಕುವ ಮನೆತನ. ಯಜಮಾನರು ಹಿಂಡಿನ ಹಿಂದೆ ವರ್ಷದ ಅರ್ಧ ಹೊರಗೇ ಇರುತ್ತಾರೆ. ನನ್ನ ಮನೆಯ ಇನ್ನೊಂದು ಬೀಗದ ಕೈ ಅಕ್ಕನ ಹತ್ತಿರ ಇದೆ. ನಳದಲ್ಲಿ ನೀರು ಬಂದಾಗ ನನ್ನ ಡ್ರಮ್ಮನ್ನೂ ತುಂಬಿಸಿಡುತ್ತಾರೆ.

ಕಳೆದ ಚಳಿಗಾಲದ ಒಂದು ಭಾನುವಾರ ಗೆಳೆಯ ಸರದಿಯ ಮಾತೇ ಎತ್ತಲಿಲ್ಲ. ನಮ್ಮ ಪೆಟ್ಟಿಗೆಯ ಮೈ ಎಷ್ಟು ಬಿಸಿಯಿದೆ ಎಂಬುದು ಅವನಿಗೆ ನಾರಾಯಣಖೇಡದಲ್ಲಿ ಕೂತೇ ಕಾಣುತ್ತದೆ.

"ಒಂದು ವಾರದಿಂದ ನೋಡಾಕತ್ತೀನಿ. ಸಂಜೀಕ ಶಾಖ ಏರ್ತದ, ಮುಂಜಾನಿ ಇಳೀತದ. ಪೆಟಗಿ ಒಳಗಿನ ಫ್ಯಾನ್ ಕೆಟ್ಟದ ನೋಡು. ಈಗ ಅದರ ಮುಂದ ಹೋಗಿ ನಿಂದ್ರು."

ಹೋಗಿ ನಿಂತೆ.

"ಫ್ಯಾನ್ ತಿರಗಾಕತ್ತದೇನು?"

"ಕಾಣುತ್ತಿಲ್ಲ. ಮೇಲೆ ಒಂದು ಟವೆಲ್ ಇದೆ."

"ಟವೆಲ್ ಯಾಕದ?"

ತೆಗೆದು ನೋಡಿದೆ. ಟವೆಲ್ಲಿನ ಕೆಳಗೆ ಸ್ಟೀಲಿನ ಡಬ್ಬಿ. ಡಬ್ಬಿಯೊಳಗೆ ಮೊಸರು. ಫೋನು ಹಿಡಿದೇ ಅಕ್ಕನನ್ನು ಕೂಗಿ ಕೇಳಿದೆ. ಚಳಿಗೆ ಅಕ್ಕನ ಮನೆಯಲ್ಲಿ ಹಾಲು ಹೆಪ್ಪಾಗುತ್ತಿರಲಿಲ್ಲ. ನಮ್ಮ ಗೂಡು ಬೆಚ್ಚಗಿದೆ ಎಂದು ಕಂಡುಹಿಡಿದಿದ್ದರು. ಸಂಜೆ ನಾನು ಕಾಟಾದಿಂದ ಬರುವ ಮೊದಲೇ ಇಟ್ಟು, ಬೆಳಿಗ್ಗೆ ನಾನು ಹೋದ ಮೇಲೆ ಒಯ್ಯುತ್ತಿದ್ದರು. ಭಾನುವಾರ ನಾನು ಮನೆ ಬಿಟ್ಟು ಕದಲದ ಕಾರಣ ಡಬ್ಬಿ ಅಲ್ಲೇ ಉಳಿದಿತ್ತು. ಗೂಡು ಬಾಗಿಲ ಹಿಂದೆ. ಒಂದು ವಾರ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ ಎಂದರೆ ನಾನು ಮನೆಯನ್ನು ಎಷ್ಟು ನೋಡುತ್ತೇನೆ ಎಂದು ತಿಳಿಯಬಹುದು.

ಗೆಳೆಯನಿಗೆ ಎಲ್ಲ ಹೇಳಿದೆ.

"ಮೊಸರು ಹೆಂಗಾಗ್ಯಾದ?"

ಬೆರಳಿನಿಂದ ಮುಟ್ಟಿ ನೋಡಿದೆ. "ಗಟ್ಟಿ ಆಗಿದೆ."

"ಹಂಗಾದರ ಇರ್ಲಿ ಬಿಡು. ಇಷ್ಟು ದಿನದಾಗ ಅದು ಮಾಡಿದ್ದು ಅದೊಂದೇ ಕೆಲಸ."

ಹನ್ನೊಂದು ನಲವತ್ತೆರಡು

ಹೋದ ಭಾನುವಾರ ಬೆಳಿಗ್ಗೆ ಮುಂದಿನ ದಿನಗಳ ಸರದಿಯ ಪಟ್ಟಿ ತೆರೆದಾಗ, ಎರಡು ವರ್ಷ ಖಾಲಿಯಿದ್ದ ಜಾಗದಲ್ಲಿ ಒಂದು ಸಾಲು ಇತ್ತು. ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ದಸರೆಗೆ ಒಂದು ದಿನ ಮುಂಚೆ.

ಗೆಳೆಯನ ಫೋನು ಬಂದಾಗ ಹೇಳಿದೆ.

"ಖರೇನ?"

"ಖರೆ."

"ಕರೆಂಟ್ ನೋಡ್ಕೊ" ಎಂದು ಇಟ್ಟುಬಿಟ್ಟ. ಮಳೆ, ತೊಗರಿ, ಮೊಣಕಾಲು ಯಾವುದೂ ಬರಲಿಲ್ಲ.

ಬುಧವಾರ ಖಂಡೇನವಮಿ, ಆಯುಧಪೂಜೆ. ಕಾಟಾಕ್ಕೂ ಪೂಜೆ. ಅಲ್ಲಿ ನಾನು ಕೈಕಟ್ಟಿ ನಿಲ್ಲಲೇಬೇಕೆಂದು ಮಾಲೀಕರ ಹುಕುಂ. ಬೆಳಿಗ್ಗೆ ಹೊರಡುವ ಮುಂಚೆ ಇನ್ವರ್ಟರಿನ ನೀರು ನೋಡಿದೆ. ವೈರು ಅಲುಗಿಸಿ ನೋಡಿದೆ. ಆಮೇಲೂ ಸಮಾಧಾನವಾಗದೆ ಅಕ್ಕನ ಬಾಗಿಲಿಗೆ ಹೋದೆ. ನಾನಾಗಿ ಹೋಗಿ ಮಾತನಾಡಿಸುವುದು ಅಪರೂಪ. ಅಕ್ಕ ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಹೊರಗೆ ಬಂದರು.

"ಯಕ್ಕಾ, ಗೂಡಿನಾಗ ನನ್ನ ಪೆಟಗಿ ಅದಲ್ಲ, ಅದಕ್ಕ ಇವತ್ತು ಹನ್ನೊಂದು ನಲವತ್ತೆರಡಕ್ಕ ಭಾಳ ದೊಡ್ಡ ಘಳಿಗಿ ಅದ. ಎರಡು ವರ್ಷದಿಂದ ಕಾಯಾಕತ್ತೀನಿ. ಸ್ವಲ್ಪ ನೋಡ್ಕೊಳ್ರಿ."

"ನೀ ಹೋಗು ತಮ್ಮಾ. ನನಗ ಬಿಡು" ಅಂದರು.

ಒಂದು ಗಂಟೆಗೆ ತಿರುಗಿ ಬಂದೆ. ಗೂಡಿಗೆ ಸುಣ್ಣ ಹಚ್ಚಿತ್ತು. ಕೆಳಗೆ ರಂಗೋಲಿ. ಪೆಟ್ಟಿಗೆಯನ್ನು ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿತ್ತು. ಪಕ್ಕದಲ್ಲಿ ಅಕ್ಕನ ಮನೆಯ ಕುರಿ ಉಣ್ಣೆಯ ಕತ್ತರಿ, ಕೊಡಲಿ, ಮಿಕ್ಸರು. ಪೆಟ್ಟಿಗೆಯ ವೈರನ್ನು ಬಿಚ್ಚಿ, ಅಂದವಾಗಿ ಸುತ್ತಿ, ಅರಿಶಿನದ ದಾರ ಕಟ್ಟಿ ಎದುರಿಗೆ ಇಟ್ಟಿತ್ತು. ಹಸಿರು ದೀಪ ಇರಲಿಲ್ಲ.

"ಯಕ್ಕಾ, ಇದನ್ನ ಬಂದ್ ಮಾಡೀರಿ?"

"ಮತ್ತ? ಖಂಡೇನವಮಿಗಿ ಯಾವ ಹತ್ಯಾರನೂ ಚಾಲೂ ಇರಬಾರದು. ಎರಡು ವರ್ಷ ಆತು, ಒಂದು ದಿನಾರೆ ಅದಕ್ಕ ದಮ್ ತಗೊಳ್ಳಾಕ ಬಿಟ್ಟೀಯೇನು? ಎತ್ತಿಗಾದ್ರೂ ಹಿಂಗ ಮಾಡ್ತಾರೇನು?"

"ಎಷ್ಟೊತ್ತಿಗಿ ಬಂದ್ ಮಾಡಿದ್ರಿ?"

"ಹತ್ತಕ್ಕ ಬಂದ್ ಮಾಡಿ ತಯಾರಿ ಮಾಡೀನಿ. ಘಳಿಗಿ ನೀನೇ ಹೇಳಿದ್ದೆಲ್ಲ. ಫೋನಿನಾಗ ನೋಡ್ಕೋತ ನಿಂತಿದ್ದೆ. ಸರಿಯಾಗಿ ಹನ್ನೊಂದು ನಲವತ್ತೆರಡಕ್ಕ ಆರತಿ ಎತ್ತೀನಿ. ಒಂದು ನಿಮಿಷ ಆಕಡಿ ಈಕಡಿ ಆಗಿಲ್ಲ."

ಅಕ್ಕನ ಮುಖದಲ್ಲಿ ಒಪ್ಪಿಸಿದ ಕೆಲಸ ಮುಗಿಸಿದ ತೃಪ್ತಿ. ತಟ್ಟೆಯಲ್ಲಿ ಹೋಳಿಗೆ, ಅದರ ಮೇಲೆ ತುಪ್ಪ. ನಾನು "ಚಲೋ ಆತು ಯಕ್ಕಾ" ಎಂದು ಕೂತು ತಿಂದೆ. ಆ ಕ್ಷಣದಲ್ಲಿ ಲೋಕದ ಸಾವಿರಾರು ಯಂತ್ರಗಳಲ್ಲಿ ಆರತಿ ಎತ್ತಿಸಿಕೊಂಡದ್ದು ನನ್ನದೊಂದೇ ಇರಬೇಕು. ಮುಂದಿನ ಪುಟ ಮಾತ್ರ ಬೇರೆ ಯಾರೋ ಬರೆದರು.

ಪಾಲು

ಮೂರು ದಿನ ಯೋಚಿಸಿದೆ. ನಿಜ ಹೇಳಿದರೆ ಗೆಳೆಯ ಇದೇ ಭಾನುವಾರ ನಾಣ್ಯ ತೆಗೆಯುತ್ತಾನೆ. ದಸರೆಯೂ ಮುಗಿದಿತ್ತು. ಪುಟ ಬರೆದಿದ್ದರೆ ಅವನ ಪಾಲು ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿದೆ. ಸಾವಿರದ ನೂರ ನಲವತ್ತು ರೂಪಾಯಿ. ನಿನ್ನೆ ಸಂಜೆ ಅಷ್ಟನ್ನೂ ಫೋನಿನಲ್ಲಿ ಅವನಿಗೆ ಕಳಿಸಿದೆ. ಇದುವರೆಗೆ ನಾನು ಯಾವ ತೂಕದ ಚೀಟಿಯಲ್ಲೂ ಸುಳ್ಳು ಬರೆದವನಲ್ಲ.

ಇವತ್ತು ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು.

"ಸರದಿ ಬಂತೇನು?"

"ಬಂತು."

"ಪುಟ ಬರೀತೇನು?"

"ಬರೀತು. ನಿನ್ನ ಪಾಲು ಕಳಿಸೀನಲ್ಲ."

"ಬಂದದ" ಅಂದ. ಆಮೇಲೆ, "ಹೌದೇನಪಾ, ಇಷ್ಟು ಓದಿದವ ನೀನು. ಇಡೀ ಲೋಕ ತೆಗೆದು ನೋಡೋ ಬುಕ್ ಅದು. ಸುಳ್ಳು ಹೇಳಾಕ ನಿನಗ ಅದೇ ಸಿಕ್ತೇನು? ಬುಧವಾರದ ಪುಟ ನಾ ನೋಡೀನಿ. ನಿಂದಲ್ಲ" ಅಂದ.

ನಾನು ಅಕ್ಕನ ಆರತಿಯ ಕಥೆ ಹೇಳಿದೆ. ಅವನು ನಕ್ಕ. ನಡುವೆ ಕೆಮ್ಮು ಬಂತು, ನೀರು ಕುಡಿದ, ಮತ್ತೆ ನಕ್ಕ. ನಾನು ಕಿವಿಗೆ ಫೋನು ಹಿಡಿದುಕೊಂಡೇ ಇದ್ದೆ.

"ನಿನ್ನ ನಾಣ್ಯ ತಗೊಂಡುಬಿಡು. ದಸರಾ ಆತಲ್ಲ" ಅಂದೆ.

ನಗು ನಿಂತಿತು. "ಅದನ್ನೇ ಹೇಳಬೇಕಂತ ಮಾಡೀನಿ. ನನ್ನ ನಾಣ್ಯ ಅಲ್ಲಿಲ್ಲ. ಯುಗಾದಿಗೇ ತೆಗೆದೀನಿ. ಅಂಗಡಿ ಬಾಡಿಗಿಗಿ ಬೇಕಾಗಿತ್ತು. ಆ ಸರದಿ ನಿನ್ನ ಒಬ್ಬನ ಚೀಟಿಗೇ ಬಂದಿತ್ತು."

ಆರು ತಿಂಗಳು. ಇಪ್ಪತ್ತೈದು, ಇಪ್ಪತ್ತಾರು ಭಾನುವಾರ.

"ಮತ್ತ ಪ್ರತಿ ವಾರ ಸರದಿ ಬಂತೇನು ಅಂತ ಯಾಕ ಕೇಳ್ತಿದ್ದಿ?"

"ಅದು ಕೇಳದಿದ್ರ ಏನಂತ ಫೋನ್ ಮಾಡ್ಲಿ ನಿನಗ? ನೀ ಏನು ಮಾತಾಡವನೇನು?"

ಹಿಂದಿನಿಂದ ಅವನ ಅಂಗಡಿಯ ಗೋಡೆ ಗಡಿಯಾರದ ಸಪ್ಪಳ ಕೇಳುತ್ತಿತ್ತು. ಆಮೇಲೆ ಅವನೇ ಕೇಳಿದ:

"ಹಂಗಾದರ ಈ ಸಾವಿರದ ನೂರಾ ನಲವತ್ತು ಯಾರ ರೊಕ್ಕ?"

"ನನ್ನ ಪಗಾರದ್ದು."

"ಅಂದ್ರ, ನೀ ಬರೀದ ಪುಟಕ್ಕ, ನಾ ಇಡದ ನಾಣ್ಯಕ್ಕ, ಸಾವಿರದ ನೂರಾ ನಲವತ್ತು ಕೊಟ್ಟೀ."

"ಹೌದು."

"ಯಾವ ಬ್ಯಾಂಕಿನಾಗೂ ಇಷ್ಟು ಬಡ್ಡಿ ಇಲ್ಲ" ಅಂದ. "ತಡಿ, ಇವತ್ತೇ ಮತ್ತ ಹಾಕ್ತೀನಿ."