ಟಣ್ ಅಂದರೆ ಖಾಲಿ, ಡಬ್ ಅಂದರೆ ಭರ್ತಿ

ಮುಳ್ಳು ನೋಡಿಕೊಂಡು ಗಾಡಿ ಓಡಿಸುವುದು ಅಂಜುಬುರುಕರ ಲಕ್ಷಣ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಸಿಕ್ಕಸಿಕ್ಕವರಿಗೆಲ್ಲ ಸಾರಿದ್ದೆ! ನಮ್ಮ ಬೈಕಿಗೆ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳೇ ಇಲ್ಲ. ಅದು ಮಾವನವರು ಓಡಿಸಿ, ಮಗಳಿಗೆ ಕೊಟ್ಟು, ಮಗಳ ಜೊತೆಯಲ್ಲೇ ನನ್ನ ಮನೆಗೆ ಬಂದ ಗಾಡಿ. ಮಗಳಿಗೆ ಓಡಿಸಲು ಕಲಿಸುವಾಗ ಮಾವನವರು ಹೇಳಿದ್ದು ಒಂದೇ ಪಾಠವಂತೆ: "ಹತ್ತೋ ಮುಂಚೆ ಮುಚ್ಚಳ ತೆಗೆದು ಒಳಗೆ ನೋಡು." ಎಂಥ ಸಪ್ಪೆ ಪಾಠ! ನೋಡುವುದನ್ನು ಕಣ್ಣಿದ್ದ ಯಾರಾದರೂ ನೋಡಿಯಾರು. ಅದರಲ್ಲಿ ವಿದ್ಯೆ ಎಲ್ಲಿ ಬಂತು?

ವಿದ್ಯೆ ಇದ್ದದ್ದು ನನ್ನ ಕಿವಿಯಲ್ಲಿ. ನಾನು ಕಿವಿಯಂತ್ರ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು. ದಿನವಿಡೀ ಜನರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, "ಈಗ ಕೀ ಅಂತು, ಕೇಳಿಸ್ತಾ?" ಎಂದು ಪರೀಕ್ಷೆ ಮಾಡುವವನು. ಊರಿನ ಕಿವುಡೆಲ್ಲ ನನ್ನ ಕೈಯಲ್ಲಿ ಹಾದುಹೋಗುವಾಗ ಒಂದು ಪೆಟ್ರೋಲ್ ಟ್ಯಾಂಕು ಯಾವ ಲೆಕ್ಕ? ಬೆರಳ ಗೆಣ್ಣಿನಿಂದ ಟ್ಯಾಂಕಿಗೆ ಎರಡು ಸಲ ಕುಟ್ಟುತ್ತಿದ್ದೆ. ಟಣ್ ಅಂದರೆ ಖಾಲಿ, ಡಬ್ ಅಂದರೆ ಭರ್ತಿ. ಕಣ್ಣು ಅರೆಮುಚ್ಚಿ, ತಲೆ ಓರೆ ಮಾಡಿ, "ಹೂಂ... ಈ ವಾರ ಚಿಂತೆಯಿಲ್ಲ" ಎಂದು ಭವಿಷ್ಯ ನುಡಿಯುತ್ತಿದ್ದೆ. ನುಡಿದದ್ದು ಒಂದು ಸಲವೂ ಸುಳ್ಳಾಗಲಿಲ್ಲ!

ಇನ್ನು ಮೈಲೇಜು. ಅಬ್ಬಬ್ಬಾ! ಅಷ್ಟು ಕಡಿಮೆ ಪೆಟ್ರೋಲಿಗೆ ಅಷ್ಟು ದೂರ ಓಡುವ ಗಾಡಿ ಭೂಮಂಡಲದಲ್ಲಿ ಇನ್ನೊಂದಿರಲಿಕ್ಕಿಲ್ಲ. ನಾನು ಬಂಕಿಗೆ ಹೋಗುವುದೇ ಅಪರೂಪವಾದ್ದರಿಂದ ಅಲ್ಲಿಯವರು ಪ್ರತಿ ಸಲವೂ ನನ್ನನ್ನು ಹೊಸಬನಂತೆ ನೋಡುತ್ತಿದ್ದರು. "ಗಾಡಿಯದೇನಿಲ್ಲ, ಎಲ್ಲ ಓಡಿಸುವವನ ಕೈಗುಣ" ಎಂದು ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೊಗಳುತ್ತಿರಲಿಲ್ಲವಲ್ಲ!

ನನ್ನ ಹೆಂಡತಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ನಸುಕಿನಲ್ಲೇ ಬೈಕು ತೆಗೆದುಕೊಂಡು ಹೋಗುತ್ತಾಳೆ. ನಾನು ತಿಂಡಿ ಮುಗಿಸಿ ಬಾಗಿಲಲ್ಲಿ ಬಂದು ನಿಲ್ಲುವ ಹೊತ್ತಿಗೆ ವಾಪಸು ತಂದು ಕೀ ನನ್ನ ಕೈಗೆ ಕೊಡುತ್ತಾಳೆ. ಬೇಕರಿಯ ಪಕ್ಕದಲ್ಲೇ ಪೆಟ್ರೋಲ್ ಬಂಕ್ ಇದೆ. ಈ ಮಾತನ್ನು ಇಲ್ಲಿ ಸುಮ್ಮನೆ ಹೇಳಿಟ್ಟಿರುತ್ತೇನೆ.

ಒಂದು ದಿನ ನಮ್ಮ ಅಂಗಡಿಯ ಲೆಕ್ಕದವರು ಮನೆಗೆ ಬಂದಿದ್ದರು. ಅವರೆದುರು ನಾನು ಮೈಲೇಜಿನ ಪುರಾಣ ಬಿಚ್ಚಿದೆ.

"ಸಾಧ್ಯವೇ ಇಲ್ಲ ಮಾರಾಯ್ರೇ!" ಎಂದರು ಅವರು. "ಅಷ್ಟು ಪೆಟ್ರೋಲಿಗೆ ಅಷ್ಟು ದೂರಾನಾ? ನೀವೇನು ಬರೀ ಇಳಿಜಾರಲ್ಲೇ ಓಡಾಡ್ತೀರಾ?"

ಚಹಾ ತಂದ ಹೆಂಡತಿ ಬಾಯಿ ತೆರೆದಳು. "ಅದೂ... ನಡುನಡುವೆ ನಾನೂ ಒಂಚೂರು..."

"ನೀನು ಸುಮ್ನಿರೇ! ಪೆಟ್ರೋಲ್ ವಿಷ್ಯ ನಿಂಗೇನು ಗೊತ್ತು? ಅದನ್ನ ನಂಗೆ ಬಿಡು!"

ಲೆಕ್ಕದವರು ಚಹಾದ ಲೋಟದೊಳಗೆ ಮುಖ ಹುದುಗಿಸಿದರು. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, "ಆಯ್ತು. ನಿಮಗೇ ಬಿಟ್ಟೆ" ಎಂದು ಒಳಗೆ ಹೋದಳು. ಆ ಮಾತಿನಲ್ಲಿ ಏನಿತ್ತೆಂದು ನನ್ನ ಪ್ರಖ್ಯಾತ ಕಿವಿಗೆ ತಿಳಿಯಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅವಳ ಅಣ್ಣನ ಫೋನ್ ಬಂತು. ಭಾವ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವವರು. ಒಮ್ಮೆ ಹತ್ತಿದರೆ ಮುಗಿಯಿತು, ವರ್ಷಗಟ್ಟಲೆ ನೀರಿನ ಮೇಲೆಯೇ ಸಂಸಾರ. ಮಾವನವರು ತೀರಿಕೊಂಡಾಗಲೂ ಬರಲು ಆಗಿರಲಿಲ್ಲ. ಅಪ್ಪ ಹೋದ ಮೇಲೆ ಅಣ್ಣತಂಗಿ ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ. ಈಗ ಒಂದು ಹಡಗು ಇಳಿದ ಬೆನ್ನಿಗೇ ಇನ್ನೊಂದು ಹತ್ತಲು ಬೇರೆ ಬಂದರಿಗೆ ಹೊರಟಿದ್ದರು. ಅವರ ರೈಲು ನಮ್ಮೂರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

"ಹತ್ತೇ ನಿಮಿಷ ಕಣೇ. ಬರ್ತೀಯಾ?"

"ಬರದೆ ಇರ್ತೀನಾ ಅಣ್ಣ!"

ಫೋನಿಟ್ಟ ಮೇಲೆ ಅವಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸುಮ್ಮಸುಮ್ಮನೆ ಎತ್ತಿಡುತ್ತ ಒಬ್ಬಳೇ ನಗುತ್ತಿದ್ದಳು. ದಿನಾ ಊರಿಗೆಲ್ಲ ಕೇಕು ಮಾಡುವವಳು, ಅಣ್ಣನಿಗೆಂದು ಮನೆಯಲ್ಲೇ ಕೂತು ಒಂದು ಕಿತ್ತಳೆ ಕೇಕು ಮಾಡಿದಳು. ಅವರಪ್ಪನಿಗೆ ಇಷ್ಟವಾದದ್ದಂತೆ ಅದು.

ಹೊರಡುವಾಗ ಕೇಕಿನ ಪೆಟ್ಟಿಗೆ ಎದೆಗವಚಿಕೊಂಡು, "ರೀ, ಮುಚ್ಚಳ ತೆಗೆದು ಒಂದ್ಸಲ ನೋಡಿ" ಎಂದಳು.

ನಾನು ಟ್ಯಾಂಕಿಗೆ ಕುಟ್ಟಿದೆ. ಡಬ್!

"ಭರ್ತಿ ಇದೆ! ಹತ್ತು, ಹತ್ತು!"

ಆ ವಾರವಷ್ಟೇ ಟ್ಯಾಂಕಿಗೆ ದಪ್ಪನೆಯ ರೆಕ್ಸಿನ್ ಕವರ್ ಹಾಕಿಸಿದ್ದೆ. ಅಂಥ ಕವರ್ ಹೊದ್ದರೆ ಖಾಲಿ ಡಬ್ಬವೂ ಡಬ್ ಎನ್ನುತ್ತದೆ ಎಂಬುದು ನನ್ನ ಶಾಸ್ತ್ರದಲ್ಲಿ ಇರಲಿಲ್ಲ.

ಗೋದಾಮುಗಳ ರಸ್ತೆಗೆ ಬಂದಾಗ ಗಾಡಿ ಒಮ್ಮೆ ಕೆಮ್ಮಿತು. ಆಮೇಲೆ ಬಿಕ್ಕಿತು. ಆಮೇಲೆ ನಿಂತೇಬಿಟ್ಟಿತು! ಅಂದು ರಜೆ. ಎರಡೂ ಬದಿಗೆ ಎಳೆದ ಶಟರುಗಳು. ಬಾಡಿಗೆ ಗಾಡಿ ಹಾಗಿರಲಿ, ಒಂದು ನರಪಿಳ್ಳೆಯೂ ಇಲ್ಲ.

"ಪೆಟ್ರೋಲಾ?" ಎಂದಳು.

"ಛೆ, ಕಸ ಸಿಕ್ಕಿರಬೇಕು. ಹಾಗೊಂದು ವೇಳೆ ಪೆಟ್ರೋಲೇ ಆದ್ರೂ ರಿಸರ್ವ್ ಅಂತ ಒಂದಿದೆಯಲ್ಲ!" ಎಂದು ಗತ್ತಿನಿಂದ ಬಗ್ಗಿ ನಲ್ಲಿ ತಿರುಗಿಸಲು ಹೋದೆ. ಅದು ಮೊದಲೇ ರಿಸರ್ವಿಗೆ ತಿರುಗಿ ಕೂತಿತ್ತು. ಎಂದೋ ಒಮ್ಮೆ ಗಾಡಿ ತೊಳೆಯುವಾಗ ತಿರುಗಿಸಿ, ಮೊದಲಿನ ಜಾಗಕ್ಕೆ ತರಲು ಮರೆತ ಮಹಾನುಭಾವ ನಾನೇ.

ಅವಳು ಮುಚ್ಚಳ ತೆಗೆದು ಬಗ್ಗಿ ನೋಡಿದಳು. "ತಳ ಕಾಣ್ತಿದೆ," ಎಂದಳು. ಅಷ್ಟೇ.

ಗಾಡಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಎಬ್ಬಿಸಿ, ಕಿಕ್ಕರ್ ಒದ್ದೆ. ಮೂಲೆಯಲ್ಲಿ ಅಡಗಿದ್ದ ಹನಿಗಳ ದಯೆಯಿಂದ ತಿರುವಿನವರೆಗೆ ಓಡಿತು. ಮತ್ತೆ ಮಲಗಿಸಿದೆ. ಈ ಸಲ ಅದಕ್ಕೆ ಏಳುವ ಮನಸ್ಸಿರಲಿಲ್ಲ. ಕೇಕನ್ನು ಸೀಟಿನ ಮೇಲಿಟ್ಟು ಇಬ್ಬರೂ ತಳ್ಳತೊಡಗಿದೆವು. ಅಂದು ಆ ಗಾಡಿಯಲ್ಲಿ ಸುಖವಾಗಿ ಸವಾರಿ ಮಾಡಿದ್ದು ಆ ಕೇಕು ಒಂದೇ. ಅವಳು ಒಂದು ಕೈಯಲ್ಲಿ ತಳ್ಳುತ್ತ ಇನ್ನೊಂದು ಕೈಯಲ್ಲಿ ಅಣ್ಣನಿಗೆ ಫೋನ್ ಹಚ್ಚಿದಳು. ಎಂಗೇಜ್. ಮತ್ತೆ ಹಚ್ಚಿದಳು. ಎಂಗೇಜ್. ಆ ಕಡೆಯಿಂದ ಅವರೂ ಅದೇ ಹೊತ್ತಿಗೆ ಇವಳಿಗೇ ಹಚ್ಚುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

"ಇಷ್ಟು ವರ್ಷ ಒಂದ್ಸಲವೂ ಹೀಗಾಗಿರಲಿಲ್ಲ ಕಣೇ!" ಎಂದು ಏದುಸಿರು ಬಿಟ್ಟೆ.

"ಹೇಗಾಗುತ್ತೆ? ಕೆಲಸ ಮುಗಿಸಿ ಬರುವಾಗ ನಾನು ಹಾಕಿಸ್ಕೊಂಡು ಬರ್ತಿದ್ದೆ."

"ನೀನಾ?! ಮತ್ತೆ ಈಗ್ಯಾಕೆ..."

"ನೀವೇ ಅಂದ್ರಲ್ಲ, ಪೆಟ್ರೋಲ್ ವಿಷ್ಯ ನಂಗೆ ಬಿಡು ಅಂತ. ಬಿಟ್ಟೆ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳೋಕೆ ಬಾಯಿ ತೆಗೆದಿದ್ದೆ. ಸುಮ್ನಿರೇ ಅಂದ್ರಿ, ಬಂದವರ ಮುಂದೆ."

ನನ್ನ ಮೈಲೇಜು, ನನ್ನ ಕೈಗುಣ, ನನ್ನ ಶಾಸ್ತ್ರ ಎಲ್ಲ ಆ ರಸ್ತೆಯಲ್ಲೇ ಮಣ್ಣುಪಾಲಾಯಿತು. ಅವಳು ಕೇಕು ಎತ್ತಿಕೊಂಡು ನನ್ನನ್ನೂ ಗಾಡಿಯನ್ನೂ ಬಿಟ್ಟು ಓಡಿದಳು.

ನಾನು ತಳ್ಳಿಕೊಂಡು ಬರುವಷ್ಟರಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಅವಳು ಗೇಟಿಗೆ ಆತುಕೊಂಡು ನಿಂತಿದ್ದಳು. ನಿಲ್ದಾಣ ಹಳಿಯ ಆಚೆ, ಕಣ್ಣಳತೆಯಲ್ಲೇ. ರೈಲು ಹೊರಟು ನಿಧಾನವಾಗಿ ನಮ್ಮೆದುರಿಗೇ ಬಂತು. ಒಂದು ಬೋಗಿಯ ಬಾಗಿಲಲ್ಲಿ ಭಾವ ನಿಂತಿದ್ದರು. ತಲೆ ಬೆಳ್ಳಗಾಗಿತ್ತು. ಅವರು ಹಿಂದಕ್ಕೆ ತಿರುಗಿ ಪ್ಲಾಟ್‌ಫಾರಮ್ಮನ್ನೇ ನೋಡುತ್ತಿದ್ದರು, ತಂಗಿ ಕೊನೇ ಗಳಿಗೆಯಲ್ಲಾದರೂ ಓಡಿಬಂದಾಳೆಂದು.

"ಅಣ್ಣಾ! ಇಲ್ಲಿ! ಅಣ್ಣಾ!"

ಗಾಲಿಗಳ ಸದ್ದು ಅವಳ ಕೂಗನ್ನು ನುಂಗಿತು. ನಾನು ಹಾರ್ನ್ ಒತ್ತಿದೆ. ಅಪ್ಪನ ಗಾಡಿಯ ಹಾರ್ನ್ ಅದು, ನಿದ್ದೆಗಣ್ಣಲ್ಲೂ ಅವರು ಗುರುತು ಹಿಡಿಯುತ್ತಿದ್ದರು. ಆದರೆ ಬ್ಯಾಟರಿ ಎಂದೋ ಸತ್ತಿತ್ತು, ಇಂಜಿನ್ ಓಡಿದರೆ ಮಾತ್ರ ಅದಕ್ಕೆ ಬಾಯಿ. ಒತ್ತಿದೆ, ಒತ್ತಿದೆ, ಗುಂಡಿ ಕಿತ್ತುಬರುವ ಹಾಗೆ ಒತ್ತಿದೆ. ಭಾವ ಈ ಕಡೆ ತಿರುಗಲೇ ಇಲ್ಲ.

ಗೇಟು ಎದ್ದ ಮೇಲೆ ಅವಳ ಫೋನ್ ಹೊಡೆದುಕೊಂಡಿತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಎತ್ತಿದಳು. "ಇಲ್ಲ ಅಣ್ಣ... ಬೇಕರಿಯಲ್ಲಿ ಬಿಡಲಿಲ್ಲ. ಕೆಲಸ ಜಾಸ್ತಿ ಇತ್ತು. ... ಇವರಾ? ಪಾಪ, ಇವರು ಕರ್ಕೊಂಡು ಹೋಗ್ತೀನಿ ಅಂತ ಬೆಳಿಗ್ಗೆಯಿಂದ ಕಾದಿದ್ರು."

ಬೈದಿದ್ದರೆ ಉಂಡು ತೇಗುತ್ತಿದ್ದೆ, ನನಗೆ ಅಭ್ಯಾಸವಿದೆ. ಆ "ಪಾಪ" ಮಾತ್ರ ಇವತ್ತಿಗೂ ಗಂಟಲಲ್ಲೇ ಇದೆ. ಆ ಕೇಕನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಮನೆಯಲ್ಲಿರುವುದು ನಾವಿಬ್ಬರೇ.

ಈಗ ರೆಕ್ಸಿನ್ ಕವರ್ ಕಿತ್ತುಹಾಕಿದ್ದೇನೆ. ಹೊಸ ಬ್ಯಾಟರಿ ಹಾಕಿಸಿದ್ದೇನೆ. ಎಲ್ಲಿಗೂ ಹೋಗದ ದಿನವೂ ಮುಚ್ಚಳ ತೆಗೆದು ಬಾವಿಗೆ ಇಣುಕುವವನಂತೆ ಟ್ಯಾಂಕಿನೊಳಗೆ ಇಣುಕುತ್ತೇನೆ. ಮೈಲೇಜು ಎಷ್ಟು ಎಂದು ಲೆಕ್ಕದವರು ಕೇಳಿದರೆ, "ಹಾಕಿದಷ್ಟು ಓಡುತ್ತೆ" ಎನ್ನುತ್ತೇನೆ. ಮನೆಯಲ್ಲಿ ಮಾತುಕತೆ ಇದೆ, ನಗು ಮಾತ್ರ ಬಹಳ ದಿನ ಇರಲಿಲ್ಲ.

ಮೊನ್ನೆ ಧೈರ್ಯ ಮಾಡಿ ಹೇಳಿದೆ: "ಭಾವ ಹಡಗು ಇಳಿದು ಬರುವಾಗ ಈ ದಾರಿಯಲ್ಲೇ ತಾನೇ ಬರೋದು? ನಾನು ಟ್ಯಾಂಕ್ ಫುಲ್ ಮಾಡಿಸಿಟ್ಟಿದ್ದೀನಿ."

"ಅಣ್ಣ ಬರೋದು ಮುಂದಿನ ವರ್ಷ," ಎಂದಳು.

"ಗೊತ್ತು. ಇರಲಿ ಅಂತ ಈಗ್ಲೇ ಮಾಡಿಸ್ದೆ."

ಅವಳು ನನ್ನನ್ನೇ ನೋಡಿದಳು. ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಹತ್ತಿರ ಬಂದಳು. ಬೆರಳ ಗೆಣ್ಣಿನಿಂದ ನನ್ನ ಹಣೆಗೆ ಎರಡು ಸಲ ಕುಟ್ಟಿ, ಕಣ್ಣು ಅರೆಮುಚ್ಚಿ, ತಲೆ ಓರೆ ಮಾಡಿ ಕೇಳಿಸಿಕೊಂಡಳು.

"ಟಣ್," ಅಂದಳು.